ಕಟ್ಟಿ ಹಾಕಿಲ್ಲವಲ್ಲ

“ಉರಿ ತಗ್ತಾ ಐತೆ ಕಣೇ, ದರಿದ್ರ ಮುಂಡೇದೇ! ಒಟ್ಟೆ ಇಡ್ಕಂಡು ಕುಂತ್ರೆ ಬೆಲ್ಲವ ನಿಮ್ಮಪ್ಪ ಬಂದು ಕಾಯಿಸ್ತಾನಾ?”

ಆಲೆಮನೆಯ ಯಜಮಾನ ರವೀಂದ್ರ ಮೇಲಿನಿಂದ ಕಿರುಚಿದ. ಗುಳಿಯೊಳಗೆ ಒಲೆಯ ಬಾಯಿಗೆ ಮುಖವೊಡ್ಡಿ ಕೂತಿದ್ದ ಸುನಿತಾ ಇನ್ನೊಂದು ತೆಕ್ಕೆ ಒಣ ಕಬ್ಬಿನಸಿಪ್ಪೆ ತಳ್ಳಿದಳು. ಏಳು ತಿಂಗಳ ಬಸುರಿ. ಹೋದ ವರ್ಷದ ಕೂಸು ಇದೇ ಕಾವಿಗೆ ಹೊಟ್ಟೆಯಲ್ಲೇ ಹೋಗಿತ್ತು. ಈ ಕೂಸು ಬೆಳಗಿನಿಂದ ಮಿಸುಕಿರಲಿಲ್ಲ.

ಮೇಲೆ ಕೊಪ್ಪರಿಗೆಯ ಪಕ್ಕ ಕುರ್ಚಿ ಹಾಕಿಸಿಕೊಂಡು ಕಾರ್ಮಿಕ ಇಲಾಖೆಯ ಸಾಹೇಬರು ಕಬ್ಬಿನಹಾಲು ಹೀರುತ್ತಿದ್ದರು. ತಪಾಸಣೆ ಎಂದರೆ ಅಷ್ಟೇ. ಜೊತೆಯಲ್ಲಿ ಉರಿ ಹಾಕುತ್ತಿದ್ದ ಅಣ್ಣಮ್ಮನಿಗೆ ಒಲೆ ಒಪ್ಪಿಸಿ, ಸುನಿತಾ ಮೆಟ್ಟಿಲು ಹತ್ತಿ ಅವರಿಗೆ ಕೈಮುಗಿದಳು.

“ಸ್ವಾಮಿ, ಮಗ ಮಿಸುಕ್ತಿಲ್ಲ. ಪಾಂಡವಪುರದ ಆಸ್ಪತ್ರೆಗೆ ಓಗ್ಬೇಕು. ಎರಿಗೆ ಆಗೋಗಂಟ ರಜ ಕೊಡ್ಸಿ. ಸಂವಿಧಾನದಾಗೆ ಐತಂತೆ.”

“ಓಗು. ನನ್ನ ಜಾಗದಾಗಿರೋ ಗುಡಿಸ್ಲೂ ಕಿತ್ಕಂಡೋಗು,” ಎಂದ ರವೀಂದ್ರ.

ಸಾಹೇಬರು ಬಾಯಿ ಒರೆಸಿಕೊಂಡರು. “ಇದೆಯಮ್ಮಾ. ಆದ್ರೆ ಅದು ನಿರ್ದೇಶಕ ತತ್ವ. ಸರ್ಕಾರ ಮಾಡಬೇಕು ಅಂತ ಬರೆದಿದೆ, ಮಾಡ್ಲಿಲ್ಲ ಅಂತ ಕೋರ್ಟಿಗೆ ಹೋಗೋ ಹಂಗಿಲ್ಲ. ಮೂಲಭೂತ ಹಕ್ಕು ಬೇರೆ. ಬಲವಂತವಾಗಿ ದುಡಿಸಿಕೊಂಡ್ರೆ ನಾನೇ ಕೇಸು ಹಾಕ್ತೀನಿ. ಇವರೇನು ನಿನ್ನ ಕಟ್ಟಿ ಹಾಕಿಲ್ಲವಲ್ಲ?”

ರವೀಂದ್ರ ಹೊಟ್ಟೆ ಕುಲುಕಿಸಿ ನಕ್ಕ. “ಎಲ್ಲೈತೆ ಅಗ್ಗ? ತೋರ್ಸವ್ವಾ!”

ಸುನಿತಾ ಕೊಪ್ಪರಿಗೆ ನೋಡಿದಳು. ಪಾಕ ಇನ್ನೇನು ಹದಕ್ಕೆ ಬರುತ್ತಿತ್ತು. ಈಗ ಉರಿ ಕೈಕೊಟ್ಟರೆ ಬೆಲ್ಲ ಅಚ್ಚಿಗೆ ನಿಲ್ಲದೆ ಅಷ್ಟೂ ಹಾಳು. ಉರಿ ಹಾಕುವವರಿಗೆ ಅದನ್ನು ಯಾರೂ ಹೇಳಿಕೊಡಬೇಕಿಲ್ಲ.

“ಅಣ್ಣಕ್ಕಾ, ಮ್ಯಾಕೆ ಬಾ,” ಎಂದು ಕೂಗಿದಳು. “ನಮ್ಮನ್ನ ಯಾರೂ ಕಟ್ಟಾಕಿಲ್ವಂತೆ.”

ಅಣ್ಣಮ್ಮ ಬೂದಿಗೈ ಸೆರಗಿಗೆ ಒರೆಸುತ್ತ ಮೇಲೆ ಬಂದಳು.

“ಲೇ, ಇಳೀರೇ ಕೆಳಕ್ಕೆ! ಕಾಲು ಮುರ್ದಾಕ್ಬುಡ್ತೀನಿ!”

“ಅದ್ನ ಬರ್ಕಳಿ ಸ್ವಾಮಿ,” ಎಂದಳು ಸುನಿತಾ. “ಇದು ಬಲವಂತ ತಾನೇ?”

ಸಾಹೇಬರು ಖಾಲಿ ಲೋಟ ನೋಡುತ್ತ ಕೂತರು. ರವೀಂದ್ರ ಬಿಳಿ ಪಂಚೆ ಎತ್ತಿಕಟ್ಟಿ ತಾನೇ ಗುಳಿಗಿಳಿದ. ಕಾವು ಮುಖಕ್ಕೆ ಹೊಡೆದದ್ದೇ ಕೆಮ್ಮುತ್ತ ಹಿಂದೆ ಸರಿದ. ಒಲೆ ಹೊಗೆಯಾಡಿತು.

ಹೆಂಗಸರಿಬ್ಬರೂ ಬಸ್ಸಿನ ರಸ್ತೆ ಹಿಡಿದರು. ಕೂಲಿ ಹೋಯಿತು, ಗುಡಿಸಲೂ ಹೋಯಿತು. ಸುನಿತಾಳ ತಲೆಯಲ್ಲಿ ಅದ್ಯಾವುದೂ ಇರಲಿಲ್ಲ. ಎರಡೂ ಅಂಗೈ ಹೊಟ್ಟೆಗೊತ್ತಿಕೊಂಡು ನಡೆಯುತ್ತಿದ್ದಳು.

“ಒದೆಯೋ ಕಂದಾ. ಒಂದೇ ಒಂದ್ಸಲ ಒದೆಯೋ.”

ಬಸ್ಸು ಬಂದು ನಿಂತಿತು. ಹೊಟ್ಟೆ ಸುಮ್ಮನೇ ಇತ್ತು.