ಅತ್ತಿಗೆಯ ಬೆನ್ನ ಹಿಂದೆ ಹನ್ನೊಂದು ಜನ

ಬೆಳಗಿನ ಜಾವದ ಮಾರುಕಟ್ಟೆಯನ್ನು ನಾನು ಪೂರ್ತಿ ಎಚ್ಚರದಲ್ಲಿ ನೋಡಿದ್ದು ಬಹಳ ಕಡಿಮೆ. ಮೂವತ್ತು ವರ್ಷದಿಂದ ದಿನಾ ಅಲ್ಲೇ ಇದ್ದೇನೆ, ಆದರೆ ಅರ್ಧ ನಿದ್ದೆಯಲ್ಲಿ. ಮಾಳಿಗೆಯಿಂದ ಇಳಿದು ನಮ್ಮ ಹೋಟೆಲಿನ ಬಾಗಿಲು ತೆಗೆಯುವಾಗ ಹೊರಗೆ ಮಂಜು, ಒಳಗೆ ಚಹಾದ ಹಬೆ. ಒಂದು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಗುತ್ತದೆಂದು ಗೊತ್ತೇ ಆಗುವುದಿಲ್ಲ. ಮೀನಿನ ಕಟ್ಟೆಗಳಿಂದ ಕರಗಿದ ಐಸಿನ ನೀರು ಓಣಿಯುದ್ದಕ್ಕೂ ಹರಿದು ಬರುತ್ತದೆ, ಅದರಲ್ಲಿ ಅಂಗಡಿಗಳ ದೀಪಗಳು ತಲೆಕೆಳಗಾಗಿ ನಡುಗುತ್ತಿರುತ್ತವೆ. ಬ್ರೆಡ್ಡು ಕುಯ್ಯುತ್ತ ಅದನ್ನೇ ನೋಡುತ್ತ ನಾನು ಎಲ್ಲೋ ಹೋಗಿಬಿಡುತ್ತೇನೆ.

"ಬೆರಳು ಕುಯ್ಕೊಂಡೀಯ" ಎಂದು ಅತ್ತಿಗೆ ಹಿಂದಿರುಗಿ ನೋಡದೆಯೇ ಹೇಳುತ್ತಾಳೆ.

ಅವಳು ಅಣ್ಣನ ಕೈ ಹಿಡಿದು ನಮ್ಮ ಮನೆಗೆ ಬಂದಾಗ ನನಗೆ ಒಂಬತ್ತು ವರ್ಷ. ಅಮ್ಮ ಆಗಲೇ ಇರಲಿಲ್ಲ. ಕಿವಿ ಹಿಂಡಿ, ಉಣ್ಣಿಸಿ, ಮತ್ತೆ ಕಿವಿ ಹಿಂಡಿ ನನ್ನನ್ನು ದೊಡ್ಡವನನ್ನಾಗಿ ಮಾಡಿದ್ದು ಅವಳೇ. ಹಾಗಾಗಿ ಅಮ್ಮನನ್ನು ಕರೆಯುವ ಹಾಗೆ ಅವಳನ್ನೂ ಏಕವಚನದಲ್ಲೇ ಕರೆಯುತ್ತೇನೆ. ಅಣ್ಣ ಹೋದ ಮೇಲೆ ಒಲೆ ಅವಳದು, ಚಹಾ ಮತ್ತು ಬ್ರೆಡ್ಡು ನನ್ನದು. ನನ್ನ ಬಾಯಿಂದ ಕೇಳಿ ಕೇಳಿ ಇಡೀ ಮಾರುಕಟ್ಟೆಯೇ ಅವಳನ್ನು ಅತ್ತಿಗೆ ಎನ್ನುತ್ತದೆ. ತರಕಾರಿ ಹರಾಜು ಕೂಗುವ ಮುದುಕ ಅವಳಿಗಿಂತ ಹತ್ತು ವರ್ಷಕ್ಕೆ ದೊಡ್ಡವನು, ಅವನಿಗೂ ಅತ್ತಿಗೆಯೇ. ನನಗೆ ಮಾತ್ರ ಗೊಣಗಪ್ಪ ಎಂದು ಹೆಸರಿಟ್ಟಿದ್ದಾರೆ. ಇಟ್ಟುಕೊಳ್ಳಲಿ.

ನಮ್ಮಲ್ಲಿ ಯಾರೂ ಬಾಯಿಬಿಟ್ಟು ಏನೂ ತರಿಸಿಕೊಳ್ಳುವುದಿಲ್ಲ. ಒಂದೇ ಉದ್ದನೆಯ ಬೆಂಚು, ಒತ್ತಿಕೊಂಡರೆ ಹನ್ನೊಂದು ಜನ. ಬಂದವರು ಸಿಕ್ಕಿದ ಕಡೆ ಕೂರುತ್ತಾರೆ. ಅತ್ತಿಗೆ ಅವರಿಗೆ ಬೆನ್ನು ಹಾಕಿ, ಒಲೆಯ ಕಡೆ ಮುಖ ಮಾಡಿ ನಿಂತಿರುತ್ತಾಳೆ. "ಬಂದ್ಯಾ ಮೀನಣ್ಣ" ಎನ್ನುತ್ತಾಳೆ, ಎರಡು ಮೊಟ್ಟೆ ಒಡೆದು ಎರಡೂ ಕಡೆ ಕೆಂಪಗೆ ಕಾಯಿಸಿ ತಟ್ಟೆಯನ್ನು ಹಿಂದಕ್ಕೆ ಚಾಚುತ್ತಾಳೆ, ನಾನು ಹಿಡಿದು ಮೀನಿನವನ ಮುಂದಿಡುತ್ತೇನೆ. ಹೂವಿನಕ್ಕನಿಗೆ ಬಿಸಿ ಹಾಲಿನಲ್ಲಿ ನೆನೆಸಿದ ಬ್ರೆಡ್ಡು. ಬೀಗ ರಿಪೇರಿ ಮಾಡುವ ಮೇಷ್ಟ್ರಿಗೆ ಈರುಳ್ಳಿ ಹಾಕಿ ಹುರಿದ ಆಲೂಗಡ್ಡೆ. ಹರಾಜಿನ ಮುದುಕನ ಗಂಟಲಿಗೆ ಮೆಣಸು ಉದುರಿಸಿದ ಅರೆಬೆಂದ ಮೊಟ್ಟೆ. ಒಂದು ದಿನವೂ ಅದಲುಬದಲಾಗಿದ್ದಿಲ್ಲ.

ಹಿಂದಿರುಗಿ ನೋಡದೆ ಇದೆಲ್ಲ ಅವಳಿಗೆ ಹೇಗೆ ಗೊತ್ತಾಗುತ್ತದೆ? ಅದಕ್ಕೆ ಎಲ್ಲರ ಹತ್ತಿರವೂ ಒಂದೇ ಉತ್ತರವಿತ್ತು. ಒಲೆಯ ಹಿಂದಿನ ಗೋಡೆಗೆ ಸ್ಟೀಲಿನ ತಗಡು ಹೊಡೆದಿದೆ. ಅದರಲ್ಲಿ ಬೆಂಚಿನ ಮೇಲಿರುವವರ ಮುಖ ಕಾಣುತ್ತದೆ, ಅತ್ತಿಗೆ ಅದನ್ನು ನೋಡಿಯೇ ಹೇಳುತ್ತಾಳೆ ಎಂದು. ನಾನೂ ಹಾಗೇ ತಿಳಿದಿದ್ದೆ. ದಿನಾ ಸಂಜೆ ಆ ತಗಡನ್ನು ಉಜ್ಜುವವನು ನಾನೇ ಅಲ್ಲವೇ, ಅದರ ಬಗ್ಗೆ ಸ್ವಲ್ಪ ಜಂಬವೂ ಇತ್ತು.

ಹೋದ ವರ್ಷ ಒಂದು ಬೆಳಿಗ್ಗೆ ಅತ್ತಿಗೆ ಮೊಟ್ಟೆಯ ಬುಟ್ಟಿಗೆ ಕೈ ಹಾಕುವ ಬದಲು ಪಕ್ಕದ ಬುಟ್ಟಿಗೆ ಹಾಕಿದಳು. ನಿಂಬೆಹಣ್ಣೊಂದು ಕೈಗೆ ಬಂತು. ಅದನ್ನು ಕಾವಲಿಯ ಅಂಚಿಗೆ ಟಕ್ಕೆಂದು ಬಡಿದಳು. ಒಡೆಯಲಿಲ್ಲ. ಮತ್ತೊಮ್ಮೆ ಬಡಿದಳು. ಆಮೇಲೆ ಹಣ್ಣನ್ನು ಮೂಗಿನ ಹತ್ತಿರ ಹಿಡಿದು, ಸದ್ದಿಲ್ಲದೆ ಬುಟ್ಟಿಗೆ ಹಾಕಿ, ಮೊಟ್ಟೆ ಹುಡುಕಿಕೊಂಡಳು. ಬೆಂಚಿನ ಮೇಲಿದ್ದವರು ಹರಟೆಯಲ್ಲಿದ್ದರು, ಯಾರೂ ನೋಡಲಿಲ್ಲ. ನಾನು ನೋಡಿದೆ. ನಿದ್ದೆ ಅಷ್ಟೂ ಒಂದೇ ಏಟಿಗೆ ಇಳಿದುಹೋಯಿತು.

ಆವತ್ತು ಮಧ್ಯಾಹ್ನ ಅವಳ ಏಪ್ರನ್ ಒಗೆಯಲು ಹಾಕುವಾಗ ಜೇಬಿನಲ್ಲಿ ಮಡಿಸಿ ಮಡಿಸಿ ಬಟ್ಟೆಯಂತಾಗಿದ್ದ ಒಂದು ಚೀಟಿ ಸಿಕ್ಕಿತು. ಕಣ್ಣಿನ ಡಾಕ್ಟರದು, ವರ್ಷದ ಹಿಂದಿನ ತಾರೀಖು. ಎರಡೂ ಕಣ್ಣಿಗೆ ಪೊರೆ ಬಲಿತಿದೆ, ಬೇಗ ಆಪರೇಷನ್ ಆಗಬೇಕು, ಆಮೇಲೆ ಆರು ವಾರ ಹೊಗೆ ಮತ್ತು ಬೆಂಕಿಯ ಮುಂದೆ ನಿಲ್ಲಬಾರದು. ಒಂದು ವರ್ಷ! ಒಂದೇ ಮನೆ, ಒಂದೇ ಒಲೆ, ಒಂದೇ ಪಾತ್ರೆಯ ಚಹಾ. ನಾನೆಂಥ ಗೂಬೆ ಎಂದು ಹಣೆ ಹಣೆ ಚಚ್ಚಿಕೊಂಡೆ. ಕಾದ ಎಣ್ಣೆ, ಉರಿಯುವ ಬೆಂಕಿ, ಮಧ್ಯೆ ತಡಕಾಡುವ ಅವಳ ಕೈ.

ನೇರವಾಗಿ ಕೇಳಬಹುದಿತ್ತು. ಕೇಳಲಿಲ್ಲ. ಕೇಳಿದರೆ "ಏನೂ ಇಲ್ಲ, ಹೋಗೋ" ಎನ್ನುತ್ತಿದ್ದಳು, ಒಮ್ಮೆ ಇಲ್ಲ ಎಂದ ಮೇಲೆ ಅವಳು ಸಾಯುವವರೆಗೂ ಇಲ್ಲ ಎಂದೇ ಸಾಧಿಸುವವಳು. ಅವಳಾಗಿ ಹೇಳುವವರೆಗೆ ಅವಳ ಮಾನ ಕಾಯಬೇಕು, ಸುಟ್ಟುಕೊಳ್ಳದ ಹಾಗೆ ನೋಡಿಕೊಳ್ಳಬೇಕು ಎಂದುಕೊಂಡೆ. ಆ ತಗಡಿನಲ್ಲಿ ಇನ್ನೂ ಸ್ವಲ್ಪ ಮಸುಕಾಗಿಯಾದರೂ ಕಾಣುತ್ತಿರಬೇಕು, ಅಷ್ಟನ್ನಾದರೂ ಉಳಿಸೋಣ. ಹೀಗೆ ನನ್ನ ದೊಡ್ಡ ತಲೆ ಓಡಿತು.

ಸಂಜೆ ಅಂಗಡಿ ಅಂಗಡಿಗೆ ಹೋಗಿ ಎಲ್ಲರಿಗೂ ಹೇಳಿಬಂದೆ. ಕಣ್ಣಿನ ವಿಷಯ ಹೇಳಲು ಬಾಯಿ ಬರಲಿಲ್ಲ. "ಅತ್ತಿಗೆಗೆ ತಲೆನೋವು. ಒಂದಷ್ಟು ದಿನ ಸದ್ದು ಮಾಡ್ಬೇಡಿ. ದಿನಾ ಒಂದೇ ಜಾಗದಲ್ಲಿ ಕೂತ್ಕೊಳ್ಳಿ, ಅವಳಿಗೆ ನೋಡೋಕೆ ಸುಲಭ ಆಗುತ್ತೆ" ಎಂದೆ. ಯಾರು ಎಲ್ಲಿ ಎಂದು ನಾನೇ ಗೊತ್ತು ಮಾಡಿದೆ. ಎಲ್ಲರೂ ಅತ್ತಿಗೆಗೋಸ್ಕರ ಪ್ರಾಣ ಬೇಕಾದರೂ ಕೊಡುವವರ ಹಾಗೆ ತಲೆಯಾಡಿಸಿದರು. ಆಮೇಲೆ ಬಂದು ಆ ತಗಡನ್ನು ರಟ್ಟೆ ಬಿದ್ದುಹೋಗುವ ಹಾಗೆ ಉಜ್ಜಿದೆ. ನನ್ನ ಮುಖದ ಒಂದೊಂದು ಸುಕ್ಕೂ ಅದರಲ್ಲಿ ಎಣಿಸಬಹುದಿತ್ತು.

ಮರುದಿನದ ಬೆಳಿಗ್ಗೆ ನನಗೆ ಈಗಲೂ ಕನಸಿನಲ್ಲಿ ಕಂಡದ್ದೇನೋ ಎನಿಸುತ್ತದೆ. ಮಂಜು ಆವತ್ತು ಬಾಗಿಲವರೆಗೂ ಬಂದು ನಿಂತಿತ್ತು. ಅದರೊಳಗಿಂದ ಒಬ್ಬೊಬ್ಬರೇ ಬಂದರು, ನೆಲಕ್ಕೆ ಕಾಲು ತಾಗುತ್ತಿದೆಯೋ ಇಲ್ಲವೋ ಎನ್ನುವ ಹಾಗೆ. ಮೀನಣ್ಣ ತನ್ನ ರಬ್ಬರ್ ಬೂಟುಗಳನ್ನು ಹೊರಗೇ ಬಿಟ್ಟು ಬರಿಗಾಲಲ್ಲಿ ಬಂದ. ವಾಸನೆಗೆ ತಲೆನೋವು ಹೆಚ್ಚಾದೀತೆಂದು, ಜನ್ಮದಲ್ಲಿ ಮೊದಲ ಸಲ ಕೆಲಸದ ಮಧ್ಯೆ ಸೋಪು ಹಚ್ಚಿ ಸ್ನಾನ ಮಾಡಿ ಬಂದಿದ್ದ. ಹೂವಿನಕ್ಕ ಬುಟ್ಟಿಗಳನ್ನು ಓಣಿಯಲ್ಲೇ ಇಟ್ಟಳು. ಬೀಗದ ಮೇಷ್ಟ್ರು ಸೊಂಟದ ಕೀಲಿಗೊಂಚಲನ್ನು ಕರವಸ್ತ್ರದಲ್ಲಿ ಸುತ್ತಿ ಮಗುವಿನ ಹಾಗೆ ಎದೆಗೆ ಹಿಡಿದುಕೊಂಡಿದ್ದರು. ದಿನಾ ಕೆಮ್ಮುತ್ತಲೇ ಒಳಬರುವ ಹರಾಜಿನ ಮುದುಕ ಬಾಯಿಗೆ ಟವೆಲು ಒತ್ತಿಕೊಂಡಿದ್ದ. ದಿನಾ ಜಾಗಕ್ಕೆ ಕಿತ್ತಾಡುವ ಮೂಟೆ ಹೊರುವ ಅಣ್ಣತಮ್ಮಂದಿರು ಆವತ್ತು ಜಗಳವನ್ನೇ ಆಡಲಿಲ್ಲ. ಹನ್ನೊಂದು ಜನ ಹೇಳಿದ ಜಾಗದಲ್ಲಿ ಕೂತರು. ಅವರೆಲ್ಲರ ಮುಖಗಳೂ ತಗಡಿನಲ್ಲಿ ಸಾಲಾಗಿ ಹೊಳೆಯುತ್ತಿದ್ದವು.

ಅತ್ತಿಗೆ ಸೌಟು ಹಿಡಿದು ನಿಂತಿದ್ದಳು. ಒಲೆ ಭುಸ್ಸೆನ್ನುತ್ತಿತ್ತು. ಕಾವಲಿಯ ಮೇಲೆ ಎಣ್ಣೆ ಕಾದು ಹೊಗೆಯಾಡತೊಡಗಿತು. ಅವಳು ಉರಿ ತಗ್ಗಿಸಿದಳು. ಸ್ವಲ್ಪ ಹೊತ್ತಾದ ಮೇಲೆ ಪೂರ್ತಿ ಆರಿಸಿದಳು. ಕುತ್ತಿಗೆ ಒಂದಿಷ್ಟು ಓರೆ ಮಾಡಿ, ಏನನ್ನೋ ಕಾಯುವವಳ ಹಾಗೆ ನಿಂತೇ ಇದ್ದಳು. ನನಗೆ ಏನೂ ಅರ್ಥವಾಗಲಿಲ್ಲ. ತಗಡಿನಲ್ಲಿ ಮೀನಣ್ಣನ ಮುಖ ಅವಳ ಮೂಗಿನ ಮುಂದೆಯೇ ಇತ್ತಲ್ಲ.

"ಇವತ್ತೇನೋ ಇದು?" ಎಂದಳು ನನಗೆ. "ಒಬ್ರೂ ಬಂದಿಲ್ವಲ್ಲೋ."

ನನ್ನ ಕೈಯಲ್ಲಿದ್ದ ಚಾಕು ಬ್ರೆಡ್ಡಿನಲ್ಲೇ ನಿಂತಿತು. ಹನ್ನೊಂದು ಜನ ನನ್ನ ಮುಖ ನೋಡಿದರು. ತಗಡಿನಲ್ಲಿ ಅವಳಿಗೆ ಏನೂ ಕಾಣುತ್ತಿರಲಿಲ್ಲ, ಎಂದೋ ಕಾಣುವುದು ನಿಂತುಹೋಗಿತ್ತು. ಬೂಟಿನ ಚರಚರ, ಕೀಲಿಯ ಝಣಝಣ, ಆ ಕೆಮ್ಮು, ಆ ವಾಸನೆ, ಅದರಿಂದಲೇ ಅವಳು ನಮ್ಮನ್ನೆಲ್ಲ ಹಿಡಿದುಕೊಂಡಿದ್ದಳು. ಅದಷ್ಟನ್ನೂ ನಾನು ಒಂದೇ ಸಂಜೆಯಲ್ಲಿ ಒರೆಸಿಹಾಕಿದ್ದೆ.

"ಹೂಂ, ಯಾರೂ ಬಂದಿಲ್ಲ" ಎಂದುಬಿಟ್ಟರೆ ಹೇಗೆ ಎಂದು ಯೋಚಿಸಿದ್ದು ನಿಜ. ಬಂದ ಹಾಗೆಯೇ ಎಲ್ಲರೂ ತುದಿಗಾಲಲ್ಲಿ ಹೊರಗೆ ಹೋಗಿ, ಬೂಟು ಹಾಕಿಕೊಂಡು, ಗದ್ದಲ ಮಾಡುತ್ತ ಮತ್ತೆ ಬರಬಹುದಿತ್ತು. ಮೇಷ್ಟ್ರು ಆಗಲೇ ಅರ್ಧ ಎದ್ದಿದ್ದರು. ಆದರೆ ಅಷ್ಟು ಹೊತ್ತಿಗೆ ಹೂವಿನಕ್ಕ ಸೆರಗು ಬಾಯಿಗೆ ತುರುಕಿಕೊಂಡು ಅಳುತ್ತಿದ್ದಳು. ಇಡೀ ಮಾರುಕಟ್ಟೆಗೆ ಕೇಳುವ ಹಾಗೆ ಕೂಗುವ ಹರಾಜಿನ ಮುದುಕ, ತನ್ನ ಗಂಟಲೇ ಅಲ್ಲವೇನೋ ಎನ್ನುವಷ್ಟು ಸಣ್ಣಗೆ ಹೇಳಿದ:

"ನಾವೆಲ್ಲ ಇಲ್ಲೇ ಇದೀವಿ, ಅತ್ತಿಗೆ."

ಅವಳ ಬೆನ್ನು ಸೆಟೆದುಕೊಂಡಿತು. ನಿಧಾನವಾಗಿ ನಮ್ಮ ಕಡೆ ತಿರುಗಿದಳು. ಎಷ್ಟು ತಿಂಗಳಾಗಿತ್ತೋ ಅವಳು ಹಾಗೆ ತಿರುಗಿ. ಕಣ್ಣುಗಳಲ್ಲಿ ಹಾಲಿನ ಕೆನೆಯಂಥ ಬಿಳುಪು ಎಲ್ಲರಿಗೂ ಕಾಣಿಸಿತು.

"ಎಷ್ಟು ಜನ?"

"ಹನ್ನೊಂದು."

"ಎಷ್ಟೊತ್ತಾಯ್ತು ಬಂದು?"

"ಕಾಲು ಗಂಟೆ ಆಗಿರಬಹುದು" ಎಂದರು ಮೇಷ್ಟ್ರು.

"ಕಳ್ಳರ ಹಾಗೆ ಬಂದು ಕೂತಿದೀರಲ್ಲ, ನಾಚಿಕೆ ಆಗಲ್ವಾ?" ಎಂದಳು. ಸಿಟ್ಟೋ ಅಳುವೋ ಅವಳಿಗೂ ಗೊತ್ತಿದ್ದಂತಿರಲಿಲ್ಲ. "ಆರು ವಾರ ಒಲೆ ಮುಂದೆ ನಿಲ್ಬೇಡ ಅಂದ್ರು ಡಾಕ್ಟರು. ಆರು ವಾರ! ಅಷ್ಟರಲ್ಲಿ ನೀವೆಲ್ಲ ಬೇರೆ ಕಡೆ ತಿಂದು ರೂಢಿ ಮಾಡ್ಕೊಂಡ್ರೆ? ಆಮೇಲೆ ಕಣ್ಣು ಬಂದು ನಾನು ಯಾರನ್ನ ನೋಡ್ಲಿ, ಖಾಲಿ ಬೆಂಚನ್ನಾ? ಭಯ ಆಯ್ತು, ಹೋಗ್ಲಿಲ್ಲ. ಅಷ್ಟೇ."

ಮೀನಣ್ಣ "ಗೊಣಗಪ್ಪ ಸುಟ್ಟು ಕರಕಲು ಮಾಡಿ ಕೊಟ್ರೂ ಇಲ್ಲೇ ತಿಂತೀವಿ" ಎಂದ. ಬೇರೆ ದಿನವಾಗಿದ್ದರೆ ಅವನಿಗೆ ಒಂದು ಬಾರಿಸುತ್ತಿದ್ದೆ.

"ಈ ಸದ್ದಿಲ್ದೆ ಬರೋ ಬುದ್ಧಿವಂತಿಕೆ ಯಾರದು?" ಎಂದಳು ಅತ್ತಿಗೆ.

ಹನ್ನೊಂದು ಬೆರಳುಗಳು ನನ್ನ ಕಡೆ ತಿರುಗಿದವು. ಅದು ಅವಳಿಗೆ ಕಾಣುವುದಿಲ್ಲವೆಂದು ಆಮೇಲೆ ಹೊಳೆದು ಎಲ್ಲರೂ ಕೈ ಕೆಳಗಿಳಿಸಿದರು.

"ನಂದೇ, ಅತ್ತಿಗೆ" ಎಂದೆ.

"ಬಾ ಇಲ್ಲಿ."

ಐವತ್ತಾರು ವರ್ಷದ ನಾನು ಹೋಗಿ ಅವಳ ಮುಂದೆ ನಿಂತೆ. ಕಿವಿ ಹಿಂಡಲೆಂದು ಕೈ ಚಾಚಿದಳು. ಅಂದಾಜು ತಪ್ಪಿ ಕೈ ನನ್ನ ಕೆನ್ನೆಗೆ ಬಂತು, ಅಲ್ಲೇ ನಿಂತುಬಿಟ್ಟಿತು. ಬೆರಳುಗಳು ಮೆಲ್ಲಗೆ ಗಲ್ಲದವರೆಗೂ ಇಳಿದವು.

"ಇದೇನೋ ಇದು?"

"ಗಡ್ಡ."

"ಯಾವಾಗಿಂದ?"

"ಎಂಟು ತಿಂಗಳಾಯ್ತು."

ನನ್ನ ಗಡ್ಡವನ್ನು ಮಾರುಕಟ್ಟೆಯವರು ಆಡಿಕೊಳ್ಳುವುದು ನನ್ನ ಬೆನ್ನ ಹಿಂದೆ ಮಾತ್ರ, ನನ್ನ ಬಾಯಿಗೆ ಹೆದರಿ. ಅತ್ತಿಗೆಯೊಬ್ಬಳಾದರೂ ಒಳ್ಳೆಯದೋ ಕೆಟ್ಟದ್ದೋ ಒಂದು ಮಾತು ಹೇಳಿಯಾಳೆಂದು ಎಷ್ಟು ದಿನ ಕಾದಿದ್ದೆ, ಹೇಳಲಿಲ್ಲವೆಂದು ಒಳಗೊಳಗೇ ಎಷ್ಟು ಮುನಿಸಿಕೊಂಡಿದ್ದೆ. ಈಗ ಅದನ್ನು ನೆನೆದು ನೆಲ ಬಾಯಿಬಿಡಬಾರದೇ ಎನಿಸಿತು.

ಅವಳು ಎರಡೂ ಕೈಗಳಲ್ಲಿ ನನ್ನ ಮುಖ ಹಿಡಿದುಕೊಂಡಳು.

"ಬೆಳ್ಳಗಾಗಿದೆಯೇನೋ?"

"ಪೂರ್ತಿ."

"ಅಯ್ಯೋ, ನನ್ನ ಮೈದುನ ಮುದುಕ ಆಗ್ಹೋದ" ಎಂದಳು, ನಕ್ಕಳು, ನಗುತ್ತಿದ್ದ ಹಾಗೆಯೇ ಕಣ್ಣು ತುಂಬಿ ಹರಿಯಿತು. ಏಪ್ರನ್ನಿನ ಅಂಚಿನಿಂದ ಒರೆಸಿಕೊಂಡಳು. ಆಮೇಲೆ ಅದನ್ನು ಬಿಚ್ಚಿ ನನ್ನ ಕೊರಳಿಗೆ ಹಾಕಿ, ಹಿಂದಿನ ದಾರ ಹುಡುಕಿ ಗಂಟು ಹಾಕಿದಳು.

"ನಾಳೇನೇ ಡಾಕ್ಟರ ಹತ್ರ ಕರ್ಕೊಂಡು ಹೋಗು" ಎಂದಳು. "ನಾನು ಕಣ್ಣಾರೆ ನೋಡೋವರೆಗೂ ಈ ಗಡ್ಡ ಬೋಳಿಸ್ಬೇಡ."

ನಾನು ತಲೆಯಾಡಿಸಿದೆ. ಆಮೇಲೆ ನೆನಪಾಗಿ, ಬಾಯಿಬಿಟ್ಟು "ಹೂಂ" ಎಂದೆ.