ಏರಿಯ ಬುಡದ ನೀರು

ಅಮ್ಮ ಬಾಟ್ಲಿಯ ನೀರನ್ನು ಸಿಂಕಿಗೆ ಸುರಿಯುತ್ತಿದ್ದಳು. ಅಕ್ಕ ಅಡುಗೆಮನೆಯ ಬಾಗಿಲಲ್ಲೇ ನಿಂತುಬಿಟ್ಟಳು. ಲ್ಯಾಬಿನ ಬೀರುವಿನ ಕೀಲಿ ಮರೆತು ಅರ್ಧ ದಾರಿಯಿಂದ ವಾಪಸು ಬಂದಿದ್ದಳು. ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಅವಳು ಮನೆಯಲ್ಲಿರುವುದೇ ಇಲ್ಲ. ಅಮ್ಮ ಬಾಟ್ಲಿಯೊಳಗೆ ಬೆರಳು ಹಾಕಿ ತಳ ಉಜ್ಜಿದಳು, ಎರಡು ಸಲ ಗಲಬರಿಸಿ ಚೆಲ್ಲಿದಳು, ನಲ್ಲಿ ತಿರುಗಿಸಿ ಕತ್ತಿನವರೆಗೆ ನೀರು ತುಂಬಿದಳು. ಆಮೇಲೆ ಹೊರಮೈ ಒರೆಸಿ, ಕಿಟಕಿಯ ಕಟ್ಟೆಯ ಮೇಲೆ ಮೊದಲು ಇದ್ದ ಜಾಗದಲ್ಲೇ ಇಟ್ಟಳು. ತಾರೀಖಿನ ಚೀಟಿ ಈಚೆ ಕಾಣುವಂತೆ ತಿರುಗಿಸುವುದನ್ನೂ ಮರೆಯಲಿಲ್ಲ.

"ಏನಮ್ಮ ಮಾಡ್ತಿದೀಯ?"

"ಅಯ್ಯೋ ನಿನ್ನ! ಎದೆ ಧಸಕ್ಕಂತು. ಬೆಕ್ಕಿನ ಹಾಗೆ ಬರ್ತೀಯಲ್ಲೇ." ಅಮ್ಮ ಕೈ ಒರೆಸಿಕೊಂಡಳು. "ಬಾಟ್ಲಿ ಕೊಳಕಾಗಿತ್ತು, ತೊಳೆದಿಟ್ಟೆ."

"ಅದರಲ್ಲಿದ್ದ ನೀರು?"

"ಚೆಲ್ದೆ. ಬೇರೆ ತುಂಬಿಟ್ಟಿದೀನಲ್ಲ. ಇದೂ ನೀರೇ ಅಲ್ವಾ?"

ಮನೆಯ ಹಿಂದಿನ ಕೆರೆ ತಾನಾಗಿ ಆದದ್ದಲ್ಲ. ಅಪ್ಪ ಹಳ್ಳಕ್ಕೆ ಅಡ್ಡಲಾಗಿ ಮಣ್ಣಿನ ಏರಿ ಹಾಕಿಸಿ ನೀರು ನಿಲ್ಲಿಸಿದ್ದ, ಆರು ದೋಣಿ ತಂದು ಬಿಟ್ಟಿದ್ದ. ರಜೆಯ ದಿನ ಜನ ಬಂದು ಹುಟ್ಟು ಹಾಕಿ, ನೀರೆರಚಾಡಿ, ಒದ್ದೆಮುದ್ದೆಯಾಗಿ ಹೋಗುತ್ತಿದ್ದರು. ಬಂದವರು ದೋಣಿ ನೋಡಿದರೆ ಅಪ್ಪ ಏರಿ ನೋಡುತ್ತಿದ್ದ. ಏರಿಯ ಆಚೆ ಮಗ್ಗುಲ ಬುಡದಲ್ಲಿ ಒಂದು ಪೈಪು. ಮಣ್ಣಿನೊಳಗೆ ಜಿನುಗಿದ ನೀರು ಅದರಿಂದ ಸಣ್ಣಗೆ ಹೊರಬೀಳುತ್ತಿತ್ತು. ಪ್ರತಿ ಸೋಮವಾರ ಬೆಳಿಗ್ಗೆ ಆ ನೀರನ್ನು ಒಂದು ಗಾಜಿನ ಬಾಟ್ಲಿಯಲ್ಲಿ ಹಿಡಿದು ಅಡುಗೆಮನೆಯ ಕಿಟಕಿಯಲ್ಲಿಡುವುದು, ಮಂಗಳವಾರ ಬೆಳಿಗ್ಗೆ ತಳ ನೋಡುವುದು. "ಏರಿ ಬೆವರಲಿ, ಪರವಾಗಿಲ್ಲ. ಮಣ್ಣು ಉಗುಳಬಾರದು" ಅನ್ನುತ್ತಿದ್ದ ಅಪ್ಪ. ಮಣ್ಣು ಉಗುಳಿತು ಅಂದರೆ ಏರಿ ಒಳಗೊಳಗೇ ಟೊಳ್ಳಾಗುತ್ತಿದೆ ಎಂದೇ ಅರ್ಥ. ಏರಿಯ ಕೆಳಗೆ, ಒಂದು ಕೂಗಳತೆ ದೂರದಲ್ಲಿ, ಮೂರು ಮನೆಗಳಿದ್ದವು.

ಅಪ್ಪ ಹೋದ ಮೇಲೆ ದೋಣಿಗಳು ತಮ್ಮನ ಪಾಲಿಗೆ ಬಂದವು, ಬಾಟ್ಲಿ ಮತ್ತು ನೋಟ್‌ಬುಕ್ಕು ಅಕ್ಕನ ಪಾಲಿಗೆ. ಅದೂ ಸರಿಯೇ. ಊರವರ ರಕ್ತ ಮೂತ್ರಗಳನ್ನೆಲ್ಲ ಪರೀಕ್ಷೆ ಮಾಡಿ ಬರೆದುಕೊಡುವ ಲ್ಯಾಬಿನ ಹೆಂಗಸಿಗೆ ಒಂದು ಬಾಟ್ಲಿ ನೀರು ಯಾವ ಲೆಕ್ಕ? ಎರಡು ವರ್ಷದಿಂದ ಒಂದು ಮಂಗಳವಾರವೂ ತಪ್ಪಿಸದೆ ಬರೆದಿದ್ದಳು: ತಿಳಿ. ತಿಳಿ. ತಿಳಿ.

"ಎಷ್ಟು ದಿನದಿಂದ ಹೀಗೆ ಮಾಡ್ತಿದೀಯಮ್ಮ?"

"ಎಲ್ಲಿ ನೆನಪಿರುತ್ತೆ. ನೀನು ಅವತ್ತು ಬೈದೆಯಲ್ಲ, ಅವತ್ತಿಂದ."

"ನಾನು ಬೈದ್ನಾ?"

"ಬೈದೆ. ಬಾಟ್ಲಿ ತಳದಲ್ಲಿ ಮಣ್ಣಿದೆ, ಒಂದು ಬಾಟ್ಲಿ ನೆಟ್ಟಗೆ ತೊಳೆಯೋಕೆ ಬರಲ್ವಾ ಅಂದೆ. ಈ ವಯಸ್ಸಲ್ಲಿ ಪಾತ್ರೆ ತೊಳೆಯೋದು ನಿನ್ನ ಹತ್ರ ಹೇಳಿಸ್ಕೋಬೇಕಾ ನಾನು?" ಅಮ್ಮನ ದನಿಯಲ್ಲಿ ಆ ಸಿಟ್ಟು ಇನ್ನೂ ಬಿಸಿಯಾಗಿಯೇ ಇತ್ತು. "ಮುಂದಿನ ಸೋಮವಾರ ಫಳಫಳ ತೊಳೆದು ಕೊಟ್ರೂ ಮಧ್ಯಾಹ್ನದ ಹೊತ್ತಿಗೆ ಮತ್ತೆ ಕೆಳಗೆ ಕೂತಿತ್ತು, ದರಿದ್ರದ್ದು. ಕೊನೆಗೆ ನಲ್ಲಿ ನೀರೇ ತುಂಬಿದೆ. ಆಮೇಲೆ ನೀನೂ ಬಾಯಿ ಮುಚ್ಕೊಂಡೆ."

ಅಕ್ಕ ಡಬ್ಬಿಗಳ ಸಂದಿಯಿಂದ ನೋಟ್‌ಬುಕ್ಕು ಎಳೆದು ಹಾಳೆ ಹಿಂದಕ್ಕೆ ತಿರುಗಿಸಿದಳು. ಇಪ್ಪತ್ತಾರು ವಾರದ ಹಿಂದೆ, ಅವಳದೇ ಮುದ್ದು ಅಕ್ಷರ: 'ತಳದಲ್ಲಿ ಮಣ್ಣು. ಬಾಟ್ಲಿ ತೊಳೆದಿರಲಿಲ್ಲ.' ಅದರ ಮುಂದಿನ ವಾರದಿಂದ ಮತ್ತೆ ತಿಳಿ. ಲ್ಯಾಬಿನಲ್ಲಾಗಿದ್ದರೆ ಅನುಮಾನ ಬಂದ ಸ್ಯಾಂಪಲ್ಲನ್ನು ಇನ್ನೊಮ್ಮೆ ತರಿಸಿಕೊಳ್ಳದೆ ಒಂದು ಅಕ್ಷರ ಬರೆಯುವವಳಲ್ಲ. ಮನೆಯಲ್ಲಿ ಅಮ್ಮ ಕೈಗೆ ಸಿಕ್ಕಿದ್ದಳು, ಬೈದು ಮುಗಿಸಿದ್ದಳು.

ಲ್ಯಾಬಿಗೆ ಬರುವುದಿಲ್ಲವೆಂದು ಫೋನ್ ಮಾಡಿ, ಬಾಟ್ಲಿಯನ್ನು ಕುದಿನೀರಲ್ಲಿ ತೊಳೆದುಕೊಂಡು ಏರಿಯ ಆಚೆ ಇಳಿದಳು. ಪೈಪಿನ ನೀರು ಮೊದಲಿಗಿಂತ ದಪ್ಪವಾಗಿ ಬೀಳುತ್ತಿತ್ತು. ಪ್ರತಿ ವಾರ ಹಿಡಿಯುವವಳಿಗೆ ಅದೂ ಕಂಡಿರಲಿಲ್ಲ. ಹಿಡಿದ ನೀರನ್ನು ಈ ಸಲ ಬಿಸಿಲಿಗೆ ಎತ್ತಿ ನೋಡಿದಳು. ಅಕ್ಕಿ ತೊಳೆದ ನೀರಿನ ಬಣ್ಣ. ಪೈಪಿನಿಂದ ನಾಲ್ಕು ಮಾರು ಆಚೆ ಹುಲ್ಲು ಅತಿಯಾಗಿ ಹಸಿರಾಗಿತ್ತು, ಕಾಲಿಟ್ಟರೆ ಚಪ್ಪಲಿ ಕಚ್ಚಿಕೊಂಡಿತು. ಕೆಳಗೆ ಮೊದಲನೇ ಮನೆಯ ಅಂಗಳದಲ್ಲಿ ವೆಲ್ಡರನ ಹೆಂಡತಿ ಬಟ್ಟೆ ಒಣಹಾಕುತ್ತಿದ್ದವಳು ಕೈಯೆತ್ತಿ, "ಏನಕ್ಕಾ, ಇವತ್ತು ರಜಾನಾ?" ಎಂದು ಕೂಗಿದಳು. ಅಕ್ಕನೂ ಕೈಯೆತ್ತಿದಳು.

ಹಿಂದೊಮ್ಮೆ ಏರಿ ನೋಡಲು ಬಂದಿದ್ದ ಇಲಾಖೆಯ ಎಂಜಿನಿಯರಿಗೆ ಅಲ್ಲಿಂದಲೇ ಫೋನ್ ಮಾಡಿದಳು. ಅವರು ಮೂರೇ ಪ್ರಶ್ನೆ ಕೇಳಿದರು. ಕೊನೆಗೆ, "ಈಗಲೇ ತೂಬು ಎತ್ತಿ, ಆದ್ರೆ ಸ್ವಲ್ಪ ಸ್ವಲ್ಪವೇ. ಒಮ್ಮೆಲೇ ಇಳಿಸಿದ್ರೆ ಏರಿನೇ ಜಾರುತ್ತೆ. ಕೆಳಗಿನ ಮನೆಯವರನ್ನ ಮೇಲೆ ಕಳಿಸಿ. ನಾನು ಸಂಜೆಯೊಳಗೆ ಬರ್ತೀನಿ" ಎಂದರು.

ತಮ್ಮ ದಡದಲ್ಲಿ ದೋಣಿಗಳನ್ನು ಬೋರಲು ಹಾಕಿಕೊಂಡು ಬಣ್ಣ ಬಳಿಯುತ್ತಿದ್ದ. ಭಾನುವಾರ ಈ ಸಲದ ದೋಣಿಯಾಟ ಶುರು. ಗೇಟಿಗೆ ಬೋರ್ಡು ಕಟ್ಟಿಯಾಗಿತ್ತು, ಮೂರು ಶಾಲೆಯವರು ಬರುತ್ತೇವೆಂದಿದ್ದರು.

"ಬಂದ್ರಪ್ಪಾ ಲ್ಯಾಬ್ ಮೇಡಂ! ಏನು, ಕೆರೆಗೆ ಶುಗರ್ ಬಂದಿದ್ಯಾ?"

ಅಕ್ಕ ನಗಲಿಲ್ಲ. ಬಾಟ್ಲಿಯನ್ನು ದೋಣಿಯ ಬೆನ್ನ ಮೇಲಿಟ್ಟು ಎಲ್ಲ ಹೇಳಿದಳು. ಅಷ್ಟು ಹೊತ್ತಿಗೆ ತಳದಲ್ಲಿ ಉಗುರು ದಪ್ಪ ಕೂತಿತ್ತು. ತಮ್ಮ ಬ್ರಶ್ಶು ಹಿಡಿದುಕೊಂಡೇ ಅದನ್ನು ನೋಡಿದ.

"ಒಂದು ಚಮಚ ಮಣ್ಣಿಗೆ ಇಡೀ ಕೆರೆ ಖಾಲಿ ಮಾಡ್ತೀಯಾ?"

"ಒಂದು ಬಾಟ್ಲಿಗೆ ಒಂದು ಚಮಚ ಕಣೋ. ಆ ಪೈಪು ಆರು ತಿಂಗಳಿಂದ ಹಗಲೂ ರಾತ್ರಿ ಹರೀತಾ ಇದೆ."

"ಭಾನುವಾರ ಒಂದು ಕಳೀಲಿ ಅಕ್ಕ. ಸೋಮವಾರ ನಾನೇ ಎತ್ತುತೀನಿ."

"ಭಾನುವಾರ ನೂರು ಮಕ್ಕಳು ಏರಿ ಮೇಲೆ ನಿಂತಿರ್ತಾರೆ."

ಅವನ ಮುಖ ಕೆಂಪಾಯಿತು. "ಹೋದ ವಾರ ತಾನೇ ಕೇಳಿದ್ನಲ್ಲ ನಿನ್ನ? ತಿಳಿ ಅಂದೆ. ನೋಟ್‌ಬುಕ್ಕಲ್ಲೂ ತಿಳಿ ಅಂತ ಬರ್ದಿದೀಯ. ಅದೆಲ್ಲ ಏನು ಹಾಗಾದ್ರೆ, ಸುಳ್ಳಾ?"

"ನಾನು ಸರಿಯಾಗಿ ನೋಡ್ಲಿಲ್ಲ." ಅಕ್ಕ ಅಷ್ಟಕ್ಕೇ ನಿಲ್ಲಿಸಬೇಕೆಂದಿದ್ದಳು.

"ಅವಳಲ್ಲ, ನಾನು ಚೆಲ್ತಿದ್ದೆ." ಅಮ್ಮ ಯಾವಾಗ ಹಿಂದೆ ಬಂದು ನಿಂತಿದ್ದಳೋ ಇಬ್ಬರಿಗೂ ಗೊತ್ತಿರಲಿಲ್ಲ. ಕೈಯಲ್ಲಿ ಪಾತ್ರೆ ಒರೆಸುವ ಬಟ್ಟೆ ಹಾಗೆಯೇ ಇತ್ತು. "ಕೊಳಕು ಅಂದ್ಕೊಂಡೆ. ನಿಮ್ಮಪ್ಪ ನನಗೆ ಯಾವತ್ತೂ ಅದು ಏನು ಅಂತ ಹೇಳ್ಲಿಲ್ಲ. ಕಿಟಕಿ ನನ್ನದು, ಬಾಟ್ಲಿ ಮಾತ್ರ ಅವರದು. ನೀವಾದ್ರೂ ಹೇಳಿದ್ರಾ?"



ತಮ್ಮ ಬ್ರಶ್ಶನ್ನು ಡಬ್ಬಿಯೊಳಗೆ ಹಾಕಿ ಎದ್ದ. ಗೇಟಿನ ಕಡೆಗೆ ಒಂದು ಸಲ ನೋಡಿದ, ಅಮ್ಮನ ಕಡೆಗೆ ಒಂದು ಸಲ. "ನಡಿ. ಬಾಯಿ ಹರಕೊಂಡು ಏನಾಗ್ಬೇಕು" ಎಂದ.

ತೂಬಿನ ಚಕ್ರ ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಅಪ್ಪ ಅದನ್ನು ಪ್ರತಿವರ್ಷ ಎಣ್ಣೆ ಬಿಟ್ಟು, ಆಚೆ ನಾಲ್ಕು ಸುತ್ತು ಈಚೆ ನಾಲ್ಕು ಸುತ್ತು ತಿರುಗಿಸಿಡುತ್ತಿದ್ದ. ತಮ್ಮನೂ ಪ್ರತಿವರ್ಷ ಮರೆಯದೆ ನೋಡಿಕೊಂಡಿದ್ದ, ನೀಲಿ ಬಣ್ಣ ಬಳಿದು. ಬಂದವರು ಅದಕ್ಕೆ ಒರಗಿಕೊಂಡು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಎರಡು ವರ್ಷದ ಬಣ್ಣ ತಿರುಪಿನ ಎಳೆಎಳೆಗೂ ಇಳಿದು ಗಟ್ಟಿಯಾಗಿತ್ತು.

ಅಕ್ಕ ವೆಲ್ಡರನ್ನು ಕರೆತರಲು ಇಳಿದಳು. ಅವನು ಅವಳ ಮಾತನ್ನೆಲ್ಲ ಕೇಳಿಸಿಕೊಂಡು ಒಂದೇ ಒಂದು ಕೇಳಿದ.

"ನಮ್ಮನೆ ನಿಲ್ಲುತ್ತಾ ಅಕ್ಕ?"

"ನೀರು ನಿಧಾನಕ್ಕೆ ಬಿಟ್ರೆ ನಿಲ್ಲುತ್ತೆ ಅಂತಾರೆ. ಬಿಡದೇ ಹೋದ್ರೆ ನನಗೆ ಗೊತ್ತಿಲ್ಲ. ಆರು ತಿಂಗಳ ಹಿಂದೇನೇ ಹೇಳ್ಬೇಕಿತ್ತು ನಾನು. ನನ್ನ ತಪ್ಪು."

ಅವನು ಒಳಗೆ ತಿರುಗಿ, "ಏಯ್, ಮಗೂನ ಎತ್ಕೋ. ಆಚೆ ಎರಡು ಮನೆಯವರಿಗೂ ಹೇಳು. ಮೇಲಿನ ಮನೆಗೆ ಹೋಗಿ ಎಲ್ರೂ" ಎಂದು ಕೂಗಿ, ವೆಲ್ಡಿಂಗಿನ ಗ್ಯಾಸ್ ಟಾರ್ಚು, ಸುತ್ತಿಗೆ, ಆಳುದ್ದದ ಕಬ್ಬಿಣದ ಪೈಪು ಹೆಗಲಿಗೇರಿಸಿದ. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಅಕ್ಕನಿಗೆ.

ಬಣ್ಣ ಸುಟ್ಟು, ಎಣ್ಣೆ ಹೊಯ್ದು, ಪೈಪನ್ನು ಚಕ್ರಕ್ಕೆ ಸಿಕ್ಕಿಸಿ ಮೂವರೂ ಜೋತುಬಿದ್ದರು. ಮೂರನೇ ಸಲಕ್ಕೆ ಒಳಗೆಲ್ಲೋ ಲಟ್ಟೆಂದಿತು. ತಮ್ಮ ಮುಂದಕ್ಕೆ ಮುಗ್ಗರಿಸಿದ. ಚಕ್ರ ಕಾಲು ಸುತ್ತು ತಿರುಗಿತ್ತು. ಏರಿಯ ಕೆಳಗೆ, ಕಾಲುವೆಯಲ್ಲಿ, ನೀರು ಗೊರಗೊರ ಸದ್ದು ಮಾಡುತ್ತ ಹೊರಟಿತು. "ಸಾಕು, ಸಾಕು. ಅಷ್ಟೇ ಇರ್ಲಿ" ಎಂದಳು ಅಕ್ಕ. ತಮ್ಮ ಅಂಗೈ ಸುಲಿದದ್ದನ್ನು ಪ್ಯಾಂಟಿಗೆ ಒರೆಸಿಕೊಂಡು, ಬೋರ್ಡು ಬಿಚ್ಚಲು ಗೇಟಿನ ಕಡೆ ಹೋದ.

ಸಂಜೆ ಬಂದ ಎಂಜಿನಿಯರು ಏರಿಯ ಉದ್ದಕ್ಕೂ ನಡೆದು, ಕೋಲು ಚುಚ್ಚಿ, ದಿನಕ್ಕೆ ಒಂದಡಿಯಂತೆ ಇಳಿಸಿ ಎಂದು ಗುರುತು ಹಾಕಿಕೊಟ್ಟರು. ಏರಿ ಅಗೆದು ಹೊಸದಾಗಿ ಕಟ್ಟಬೇಕು. ಬರುವ ವರ್ಷವೂ ಕೆರೆ ತುಂಬುತ್ತದೆಂಬ ಭರವಸೆ ಬೇಡ ಎಂದರು. ನೋಟ್‌ಬುಕ್ಕು ಕೇಳಿದರು. ಅಕ್ಕ ಇಪ್ಪತ್ತಾರು 'ತಿಳಿ'ಗಳ ಪಕ್ಕ ಉದ್ದಕ್ಕೆ ಗೀಟೆಳೆದು, 'ಇದು ನಲ್ಲಿ ನೀರು. ತಪ್ಪು ನನ್ನದು' ಎಂದು ಬರೆದೇ ಕೊಟ್ಟಳು.

ಭಾನುವಾರದ ಹೊತ್ತಿಗೆ ಕೆರೆ ಅರ್ಧಕ್ಕಿಳಿದಿತ್ತು. ಹೊಸ ಬಣ್ಣದ ಆರು ದೋಣಿಗಳು ನೀರಿನಿಂದ ದೂರ, ದಡದಲ್ಲಿ ಬೋರಲಾಗಿ ಮಲಗಿದ್ದವು. ಕೆಳಗಿನ ಮೂರೂ ಮನೆಯವರು ಅಕ್ಕನ ಮನೆಯ ನಡುಮನೆಯಲ್ಲಿ ಹಾಸಿಗೆ ಹಾಸಿಕೊಂಡಿದ್ದರು. ಎಂಜಿನಿಯರು ಹೇಳಿದ್ದರಿಂದ ಅಕ್ಕ ಈಗ ದಿನವೂ ನೀರು ಹಿಡಿಯುತ್ತಿದ್ದಳು. ಅಡುಗೆಮನೆಗೆ ಬಂದಾಗ ಅಮ್ಮ ಕಿಟಕಿಯ ಕಟ್ಟೆ ಒರೆಸುತ್ತಿದ್ದಳು. ಲೋಟಗಳನ್ನು ಎತ್ತಿ ಒರೆಸಿದಳು, ಉಪ್ಪಿನ ಡಬ್ಬಿ ಎತ್ತಿ ಒರೆಸಿದಳು. ಬಾಟ್ಲಿಯ ಹತ್ತಿರ ಬಂದಾಗ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು, ಎರಡೂ ಕೈಯಲ್ಲಿ ಅದನ್ನು ಮೆಲ್ಲಗೆ ಎತ್ತಿ ಪಕ್ಕಕ್ಕಿಟ್ಟಳು. ಕೆಳಗಿನ ಜಾಗ ಒರೆಸಿ, ಮತ್ತೆ ಎರಡೂ ಕೈಯಲ್ಲಿ, ಉಸಿರು ಬಿಗಿಹಿಡಿದು, ಇದ್ದಲ್ಲೇ ಇಟ್ಟಳು. ತಳದ ಮಣ್ಣು ಕದಡಲಿಲ್ಲ.