ಬೋಗುಣಿ ಇಟ್ಟ ಜಾಗ

ಪರದೆಯ ಮೇಲೆ ಮತ್ತೆ ಅದೇ ಕಸ ಬಂತು. ಮೂರು ಪುಟ್ಟ ಅಂಕಿಗಳು ಬರಬೇಕಾದ ಕಡೆ ತಲೆಬುಡವಿಲ್ಲದ ಉದ್ದುದ್ದ ಸಂಖ್ಯೆಗಳು. ಅವಳು ಊಟದ ಮೇಜಿನ ಮೇಲಿದ್ದ ಲ್ಯಾಪ್‌ಟಾಪನ್ನು ಹಿಂದಕ್ಕೆ ತಳ್ಳಿ, ಎದ್ದು ಹೋಗಿ ಒಲೆಯ ಮೇಲಿನ ಹಾಲಿನ ಉರಿ ತಗ್ಗಿಸಿ ಬಂದು, ಮತ್ತೆ ಹತ್ತಿರ ಎಳೆದುಕೊಂಡಳು.

ಮಗಳು ಶಾಲೆಗೆ ಸೇರಿದ ಮೇಲೆ ಅವಳು ಬಿಟ್ಟಿದ್ದ ಕೆಲಸಕ್ಕೆ ಮರಳಿದ್ದಳು. ಅವರ ಕಚೇರಿಯಲ್ಲಿ ಮಾಡುತ್ತಿದ್ದುದು ಡೀಬಗರ್. ಓಡುತ್ತಿರುವ ಪ್ರೋಗ್ರಾಮನ್ನು ಬೇಕಾದಲ್ಲಿ ನಿಲ್ಲಿಸಿ, ಒಳಗೇನು ನಡೆದಿದೆ ಎಂದು ಇಣುಕಲು ಬಿಡುವ ಸಾಧನ. ಪ್ರೋಗ್ರಾಮಿನೊಳಗೆ ಫಂಕ್ಷನ್ ಎಂಬ ಒಂದು ತುಣುಕು ಇನ್ನೊಂದನ್ನು ಕೆಲಸಕ್ಕೆ ಕಳಿಸುತ್ತದೆ, ಹೋದದ್ದು ಕೆಲಸ ಮುಗಿಸಿ ಉತ್ತರದೊಂದಿಗೆ ಮರಳುತ್ತದೆ. ಆ ಉತ್ತರವನ್ನು ಹಿಡಿದು ತೋರಿಸುವ ಭಾಗ ಅವಳ ಪಾಲಿಗೆ ಬಂದಿತ್ತು. ಮರಳಿ ಬಂದಮೇಲೆ ಪೂರ್ತಿ ತನ್ನದೆನ್ನಬಹುದಾದ ಮೊದಲ ಕೆಲಸ ಅದು.

ಚಿಕ್ಕ ಉತ್ತರಗಳು ಸಲೀಸಾಗಿ ಸಿಗುತ್ತಿದ್ದವು. ಫಂಕ್ಷನ್ ಮರಳಿ ಬರುವ ಜಾಗದಲ್ಲಿ ಡೀಬಗರ್ ಒಂದು ತಡೆ ಹಾಕಿ ಕಾಯುತ್ತದೆ. ಅದು ಬಂದು ನಿಂತ ಗಳಿಗೆಯಲ್ಲೇ ರಿಜಿಸ್ಟರ್ ಎಂಬ ಗೂಡಿಗೆ ಕೈಹಾಕಿದರೆ ಉತ್ತರ ಬೆಚ್ಚಗೆ ಕೂತಿರುತ್ತದೆ. ಹಲವು ಅಂಕಿಗಳು ಸೇರಿ ಗೂಡಿನಲ್ಲಿ ಹಿಡಿಸದಷ್ಟು ದೊಡ್ಡದಾದ ಉತ್ತರಕ್ಕೆ ಮಾತ್ರ ಬೇರೆ ಪದ್ಧತಿ. ಕಳಿಸುವವರೇ ಮೊದಲು ಜಾಗ ಮಾಡಿಟ್ಟು, ಅದರ ವಿಳಾಸವನ್ನು ಒಂದು ಗೂಡಿನಲ್ಲಿಟ್ಟು ಕಳಿಸುತ್ತಾರೆ. ಹೋದವರು ಆ ಜಾಗ ತುಂಬಿ ಬರುತ್ತಾರೆ. ಮರಳಿ ಬಂದಾಗ ಅವಳು ಅದೇ ಗೂಡನ್ನು ತಡಕುತ್ತಿದ್ದಳು. ವಿಳಾಸವೆಂದು ಸಿಕ್ಕಿದ್ದನ್ನು ನಂಬಿ ಹೋದರೆ ಅಲ್ಲಿ ಕಸ.

ತಂಡದ ಹಿರಿಯನಿಗೆ ಎಲ್ಲರೂ ಬೆನ್ನ ಹಿಂದೆ ಕತ್ತರಿ ಎನ್ನುತ್ತಿದ್ದರು. ಮನಸ್ಸಿಗೆ ಬಾರದ್ದನ್ನು ಕತ್ತರಿಸಿ ಬಿಸಾಡುವುದರಲ್ಲಿ ಅವನು ಎತ್ತಿದ ಕೈ. ಶುಕ್ರವಾರ ಹೊರಡುವಾಗ ಅವಳ ಮೇಜಿನ ಬಳಿ ನಿಂತು ಹೇಳಿದ್ದ: "ಸುಳ್ಳು ಹೇಳೋ ಬಾಯಿಗಿಂತ ಮುಚ್ಚಿದ ಬಾಯಿ ಮೇಲು. ಸೋಮವಾರ ನೋಡ್ತೀನಿ. ಸರಿಹೋಗದಿದ್ರೆ ಇದನ್ನ ತೆಗೆದುಬಿಡೋಣ." ಅದರಲ್ಲಿ ಸಿಟ್ಟಿರಲಿಲ್ಲ, ಅದೇ ಅವಳನ್ನು ಹೆಚ್ಚು ಕೊರೆಯುತ್ತಿತ್ತು. ಇವತ್ತು ಭಾನುವಾರ.

ಅಷ್ಟರಲ್ಲಿ ಮೇಲಿನ ಮನೆಯಿಂದ ಟೈಲರಮ್ಮ ಕರೆದದ್ದು ಕೇಳಿತು. ಅವರ ತಾರಸಿಯ ಕುಂಡಗಳಲ್ಲಿ ಈ ಸಲ ಟೊಮೆಟೊ ಗೊಂಚಲು ಗೊಂಚಲಾಗಿ ಬಿಟ್ಟಿತ್ತು. ಎರಡು ಮನೆಗಳ ನಡುವೆ ಹಳೆಯ ರೂಢಿಯೊಂದಿತ್ತು. ಹಿಡಿಯಷ್ಟು ಕೊಡುವುದಿದ್ದರೆ ಹೋದವರ ಕೈಗೇ ಹಾಕುವುದು. ರಾಶಿ ಕೊಡುವುದಿದ್ದರೆ ಬೇಕಾದವರು ಮೊದಲೇ ತಮ್ಮ ಪಾತ್ರೆಯನ್ನು ತಾರಸಿಯಲ್ಲೋ ಮೆಟ್ಟಿಲ ಬಳಿಯೋ ಎಲ್ಲಾದರೂ ಇಟ್ಟು, ಇಂಥ ಕಡೆ ಇಟ್ಟಿದ್ದೇನೆ ಎಂದು ಹೇಳಿ ಬರುವುದು. ಟೈಲರಮ್ಮನ ಮನೆಯೊಳಗೆ ಬಟ್ಟೆಯ ಗುಡ್ಡೆ ಬಿಟ್ಟರೆ ಕಾಲಿಡಲು ಜಾಗವಿಲ್ಲ, ಅದಕ್ಕೇ ಈ ಏರ್ಪಾಡು. ಅತ್ತೆ ಬೆಳಿಗ್ಗೆಯೇ ದೊಡ್ಡ ಬೋಗುಣಿ ಇಟ್ಟು ಬಂದಿದ್ದರು. ಈಗ ಮಗನನ್ನು ಎಬ್ಬಿಸಿ ಮೇಲೆ ಕಳಿಸಿದರು.

ಅವನು ಮರಳಿ ಬಂದಾಗ ಕೈಯಲ್ಲಿ ಮಡಚಿದ ಪ್ಯಾಂಟೊಂದಿತ್ತು.

ಅತ್ತೆ ಅವನ ಕೈ ನೋಡಿದರು, ಮುಖ ನೋಡಿದರು. "ಟೊಮೆಟೊ ತಾ ಅಂತ ಕಳ್ಸಿದ್ರೆ ಪ್ಯಾಂಟು ತಂದಿದೀಯಲ್ಲೋ. ಇದನ್ನ ಹೆಚ್ಚಿ ಸಾರಿಗೆ ಹಾಕ್ಲಾ?"

"ಉದ್ದ ಕಡಿಮೆ ಮಾಡೋಕೆ ಕೊಟ್ಟಿದ್ನಲ್ಲಮ್ಮ, ಅದು. ಅವರು ಬೀಗ ಹಾಕ್ಕೊಂಡು ಹೊರಟಿದ್ರು. ಇದನ್ನ ಕೈಗೆ ತುರುಕಿ, ಬೋಗುಣಿ ತುಂಬಿಟ್ಟಿದೀನಿ, ನಿಮ್ಮಮ್ಮ ಎಲ್ಲಿಟ್ಟಿದ್ರೋ ಅಲ್ಲೇ ಇದೆ ಅಂದ್ರು. ಎಲ್ಲಿಟ್ಟಿದ್ದೆ ನೀನು?"

ಅತ್ತೆ ತಾರಸಿಯ ಕಡೆ ಕೈ ಎತ್ತಿ, ಮತ್ತೆ ಬಾಗಿಲ ಕಡೆ ತಿರುಗಿಸಿದರು. ಸೆರಗಿನಿಂದ ಹಣೆ ಒರೆಸಿಕೊಂಡರು. ಬೆಳಿಗ್ಗೆ ನೆನಪಿತ್ತಂತೆ. ಆಮೇಲೆ ಹಾಸಿಗೆ ಬಿಸಿಲಿಗೆ ಹಾಕಿದ್ದು, ಮೊಮ್ಮಗಳ ಜಡೆ ಬಿಡಿಸಿದ್ದು, ನಲ್ಲಿಯವನ ಜೊತೆ ಜಗಳವಾಡಿದ್ದು, ಎಲ್ಲ ತಲೆಯೊಳಗೆ ಬಂದು ಕೂತು ಬೋಗುಣಿಯನ್ನು ಆಚೆ ತಳ್ಳಿವೆಯಂತೆ.

"ನೀನು ಹೊರಡೋವಾಗ್ಲೇ ಕೇಳ್ಬೇಕಿತ್ತು ಕಣೋ," ಎಂದು ತಪ್ಪನ್ನು ಮಗನ ಮೇಲೆ ಹೊರಿಸಿದರು. "ಎಲ್ಲ ಮುಗಿದ್ಮೇಲೆ ಬಂದು ಎಲ್ಲಿ ಅಂದ್ರೆ? ಅಷ್ಟು ಹೊತ್ತು ಅದನ್ನೇ ತಲೇಲಿ ಇಟ್ಕೊಂಡು ಕೂತಿರ್ತೀನಾ, ನಂಗೆ ಬೇರೆ ಕೆಲಸ ಇಲ್ವಾ?"

ಅವಳ ಬೆರಳುಗಳು ಕೀಲಿಮಣೆಯ ಮೇಲೆ ನಿಂತುಬಿಟ್ಟವು.

ಬೇರೆ ಕೆಲಸ. ಫಂಕ್ಷನ್ನಿಗೂ ಬೇರೆ ಕೆಲಸವಿರುತ್ತದೆ. ಜಾಗ ತುಂಬಿಸುವ ಗಡಿಬಿಡಿಯಲ್ಲಿ ವಿಳಾಸವಿದ್ದ ಗೂಡನ್ನೇ ತನ್ನ ಲೆಕ್ಕಕ್ಕೆ ಬಳಸಿಕೊಂಡಿರುತ್ತದೆ. ಮರಳಿ ಬಂದಾಗ ಆ ಗೂಡಿನಲ್ಲಿರುವುದು ವಿಳಾಸವಲ್ಲ, ಪ್ಯಾಂಟು. ಹೊರಡುವಾಗಲೇ, ಹೊಸ್ತಿಲಲ್ಲೇ ತಡೆದು, ವಿಳಾಸ ಕೇಳಿ ಇಟ್ಟುಕೊಳ್ಳಬೇಕು.

"ಅತ್ತೆ," ಎಂದಳು, "ನೀವು ಮರೆತದ್ದು ಎಷ್ಟು ಒಳ್ಳೇದಾಯ್ತು."

"ನೋಡೋ, ನಿನ್ನ ಹೆಂಡತಿ ಬಾಯಲ್ಲಿ ಬರೋ ಮಾತು," ಎಂದರು ಅತ್ತೆ. ಆದರೆ ಸೊಸೆಯ ಮುಖದಲ್ಲಿ ವ್ಯಂಗ್ಯ ಕಾಣದೆ, ಬಗ್ಗಿ ಪರದೆಯನ್ನೊಮ್ಮೆ ನೋಡಿ, ಏನೂ ತಿಳಿಯದೆ, ಹಾಲಿಳಿಸಲು ಹೋದರು.

ಅಮ್ಮ ಮಗ ಮೊಮ್ಮಗಳು ಮೂವರೂ ಬೋಗುಣಿ ಹುಡುಕಲು ಹೊರಟರು. ತಾರಸಿ, ನೀರಿನ ತೊಟ್ಟಿಯ ಹಿಂಬದಿ, ಟೈಲರಮ್ಮನ ಕಿಟಕಿಯ ಕಟ್ಟೆ, ಎಲ್ಲ ಕಡೆಯಿಂದಲೂ ಅವರ ವಾದ ಕೇಳಿಬರುತ್ತಿತ್ತು. ಅವಳು ಕೆಳಗೆ ಕೂತು ಫಂಕ್ಷನ್ನಿನ ಬಾಗಿಲಲ್ಲಿ ಇನ್ನೊಂದು ತಡೆ ಹಾಕಿದಳು. ವಿಳಾಸವನ್ನು ಎತ್ತಿಟ್ಟುಕೊಂಡು ಆಮೇಲೆ ಹೋಗಗೊಟ್ಟಳು. ಓಡಿಸಿದಳು. ಮೂರು ಅಂಕಿಗಳು ಒಂದರ ಪಕ್ಕ ಒಂದು, ಫೋಟೋಗೆ ನಿಂತ ಮಕ್ಕಳ ಹಾಗೆ ಬಂದು ನಿಂತವು. ನಂಬಿಕೆ ಸಾಲದೆ ಮತ್ತೆ ಓಡಿಸಿದಳು. ನಿಂತವು.

ಹೊರಗೆ ಮೆಟ್ಟಿಲ ಮೇಲೆ ನಗೆ ಎದ್ದಿತು. ಬೋಗುಣಿ ಇದ್ದದ್ದು ಇವರ ಬಾಗಿಲ ಪಕ್ಕದ ಮೆಟ್ಟಿಲ ಅಡಿಯಲ್ಲೇ, ಹೂವಿನ ಬಟ್ಟೆಯ ಚೂರೊಂದನ್ನು ಹೊದ್ದುಕೊಂಡು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ ಎಂದು ಗಂಡ ಅಮ್ಮನನ್ನು ರೇಗಿಸುತ್ತಿದ್ದ. ಮಗಳು ಎರಡೂ ಕೈಯಲ್ಲಿ ಒಂದೊಂದು ಟೊಮೆಟೊ ಹಿಡಿದು ಓಡಿಬಂದು, ಒಂದನ್ನು ಅಮ್ಮನ ಲ್ಯಾಪ್‌ಟಾಪಿನ ಮೇಲಿಟ್ಟಳು.

ಸೋಮವಾರ ಕತ್ತರಿ ಅವಳ ಕುರ್ಚಿಯಲ್ಲೇ ಕೂತು ಒಂದೊಂದಾಗಿ ಪರೀಕ್ಷಿಸಿದ. ದೊಡ್ಡ ಉತ್ತರಗಳೆಲ್ಲ ಸರಿಯಾಗಿ ಬಂದವು. ಕೊನೆಗೆ ಬೇಕೆಂದೇ ಒಂದು ಫಂಕ್ಷನ್ನನ್ನು ಅರ್ಧ ದಾರಿಯಲ್ಲಿ ಹಿಡಿದು ನಿಲ್ಲಿಸಿ, ಅಲ್ಲಿಂದ ಮುಗಿಸು ಎಂದ. ಉತ್ತರ ಎಲ್ಲಿದೆಯೋ ಗೊತ್ತಿಲ್ಲ ಎಂದಿತು ಡೀಬಗರ್.

"ಇದೇನು?"

"ಹೊರಡೋವಾಗ ನಾವು ಅಲ್ಲಿರಲಿಲ್ಲವಲ್ಲ ಸರ್. ವಿಳಾಸ ಇನ್ನೂ ಗೂಡಲ್ಲಿದೆಯೋ ಇಲ್ವೋ ಹೇಳೋಕಾಗಲ್ಲ. ಅದಕ್ಕೆ ಗೊತ್ತಿಲ್ಲ ಅನ್ನುತ್ತೆ. ಪ್ಯಾಂಟು ತಂದುಕೊಡಲ್ಲ."

"ಪ್ಯಾಂಟಾ?"

ಅವಳು ಹೇಳಿದಳು. ಕತ್ತರಿ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕ. ಎದ್ದು ಹೋಗುವಾಗ, "ಇದು ಇರಲಿ," ಎಂದ. ಸಂಜೆಯ ಹೊತ್ತಿಗೆ ತಂಡದಲ್ಲಿ ಎಲ್ಲರೂ ತಪ್ಪು ಉತ್ತರಕ್ಕೆ ಪ್ಯಾಂಟು ಎನ್ನತೊಡಗಿದ್ದರು.

ಮರುದಿನ ಬೆಳಿಗ್ಗೆ ಅವಳು ಮಗಳ ಬೂಟಿಗೆ ಲೇಸು ಕಟ್ಟುತ್ತಿದ್ದಳು. ಅತ್ತೆ ತೊಳೆದ ಬೋಗುಣಿಯನ್ನು ಸೊಂಟಕ್ಕಿಟ್ಟುಕೊಂಡು ಹೊರಟವರು ಹೊಸ್ತಿಲಲ್ಲಿ ನಿಂತು ತಿರುಗಿದರು.

"ತೊಟ್ಟಿ ಪಕ್ಕ, ಹಸಿರು ಕುಂಡದ ಹಿಂದೆ ಇಡ್ತೀನಿ," ಎಂದರು. "ಕೇಳಿಸ್ತಾ?"

"ಕೇಳಿಸ್ತು ಅತ್ತೆ," ಎಂದಳು ಅವಳು. ಅತ್ತೆ ಮೆಟ್ಟಿಲು ಹತ್ತತೊಡಗಿದರು. ಖಾಲಿ ಬೋಗುಣಿ ಅವರ ಬಳೆಗೆ ತಾಗಿ ತಾಗಿ ಸದ್ದು ಮಾಡುತ್ತ ಮೇಲೆ ಹೋಯಿತು.